ಬಡಾವಣೆಯ ಅಡ್ಡರಸ್ತೆಯಲ್ಲಿ ಹಾಯ್ದುಹೋಗುವ ವಾಹನಗಳನ್ನು ತಗ್ಗಿಸುವುದು ಹೇಗೆ: ಎಣಿಕೆಯಿಂದ ಅಧಿಸೂಚನೆಯವರೆಗೆ

ಬೆಂಗಳೂರಿನ ಮುಖ್ಯರಸ್ತೆಯ ಸಿಗ್ನಲ್‌ನಲ್ಲಿ ಸಾಲು ಬೆಳೆದರೆ ಅದರ ಬಿಸಿ ಮೊದಲು ತಟ್ಟುವುದು ಪಕ್ಕದ ಬಡಾವಣೆಯ ಅಡ್ಡರಸ್ತೆಗೆ. ಮೂರು ನಿಮಿಷ ಉಳಿಯುತ್ತದೆ ಎಂದು ಮೊಬೈಲ್ ನಕ್ಷೆ ತೋರಿಸಿದ್ದೇ ತಡ, ಕಾರು, ಆಟೊ, ಡೆಲಿವರಿ ಬೈಕು, ನೀರಿನ ಟ್ಯಾಂಕರ್ ಎಲ್ಲವೂ ಮೂವತ್ತಡಿ ರಸ್ತೆಗೆ ನುಗ್ಗುತ್ತವೆ. ಆಗ ನಿವಾಸಿಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ: ಹಂಪ್ ಹಾಕಿಸುತ್ತಾರೆ, ಇಲ್ಲವೇ ತಾವೇ ಗೇಟು ನಿಲ್ಲಿಸುತ್ತಾರೆ. ಹಂಪ್ ವೇಗ ಇಳಿಸುತ್ತದೆ, ಬರುವ ವಾಹನಗಳ ಸಂಖ್ಯೆಯನ್ನಲ್ಲ. ಸಾರ್ವಜನಿಕ ರಸ್ತೆಗೆ ಖಾಸಗಿ ಗೇಟು ಕಾನೂನುಬಾಹಿರ. ಯಾರಾದರೂ ಒಬ್ಬರು ದೂರು ಕೊಟ್ಟರೆ ಸಾಕು, ತೆಗೆಯಬೇಕಾಗುತ್ತದೆ.

ಇವೆರಡನ್ನೂ ಬಿಟ್ಟು ಇನ್ನೊಂದು ದಾರಿ ಇದೆ. ಎಣಿಸಿ, ಒಂದೇ ಒಂದು ನಿರ್ದಿಷ್ಟ ಬದಲಾವಣೆಯನ್ನು ಒಂದು ತಿಂಗಳ ಪ್ರಯೋಗವಾಗಿ ಕೇಳಿ, ಮತ್ತೆ ಎಣಿಸಿ, ಆಮೇಲೆ ಅದನ್ನು ಕಾಯಂ ಮಾಡಿಸುವುದು. ಮನವಿಯಲ್ಲಿ “ವಾಹನ ದಟ್ಟಣೆ ಕಡಿಮೆ ಮಾಡಿಕೊಡಿ” ಎಂದಷ್ಟೇ ಬರೆದರೆ ಅದಕ್ಕೆ ಸಿಗುವ ಉತ್ತರ “ಸೂಕ್ತ ಕ್ರಮಕ್ಕಾಗಿ ವರ್ಗಾಯಿಸಲಾಗಿದೆ” ಎಂಬ ಹಿಂಬರಹ, ಅಷ್ಟೇ. ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, ಇಂಥ ಕೂಡುರಸ್ತೆಯಲ್ಲಿ, ಇಂಥ ತಡೆ ಎಂದು ಬರೆದ ಮನವಿಯನ್ನು ಅಧಿಕಾರಿ ಒಪ್ಪಬೇಕು ಅಥವಾ ನಿರಾಕರಿಸಬೇಕು. ಎರಡಕ್ಕೂ ಕಾರಣ ಬರೆಯಬೇಕು.

ಯಾವ ವಾಹನ ನಿಮ್ಮ ಸಮಸ್ಯೆ?

ಎಲ್ಲ ವಾಹನಕ್ಕೂ ಒಂದೇ ಮದ್ದಿಲ್ಲ. ರಸ್ತೆಯ ಒಂದು ತುದಿಯಿಂದ ಬಂದು ಎಲ್ಲೂ ನಿಲ್ಲದೆ ಇನ್ನೊಂದು ತುದಿಗೆ ಹೋಗುವವು ಹಾಯ್ದುಹೋಗುವ ವಾಹನಗಳು. ಇವನ್ನು ತಡೆ ಹಾಕಿ ತಗ್ಗಿಸಬಹುದು. ಪಾರ್ಕಿಂಗ್ ಹುಡುಕಿ ಸುತ್ತುವ ಕಾರುಗಳಿಗೆ ತಡೆ ಹಾಕಿದರೆ ಇನ್ನೂ ಹೆಚ್ಚು ಸುತ್ತುತ್ತವೆ. ಅಲ್ಲಿ ಬೇಕಾದದ್ದು ಪಾರ್ಕಿಂಗ್ ನಿಯಮ. ಶಾಲೆಯ ಮುಂದಿನ ಗದ್ದಲ ದಿನಕ್ಕೆರಡು ಸಲ, ಮುಕ್ಕಾಲು ಗಂಟೆಯದು. ಅದಕ್ಕೆ ಶಾಲೆ ಬಿಡುವ-ಸೇರುವ ಹೊತ್ತಿಗೆ ಮಾತ್ರ ಬೀದಿ ಮುಚ್ಚಿದರೆ ಸಾಕು. ರಾತ್ರಿ ಹೊತ್ತಿನ ಜಲ್ಲಿ ಲಾರಿಗೆ ಭಾರಿ ವಾಹನ ನಿಷೇಧದ ಫಲಕವೇ ಮದ್ದು. ನಿಮ್ಮ ಬೀದಿಯಲ್ಲಿ ಇವುಗಳಲ್ಲಿ ಯಾವುದು ಎಷ್ಟು ಎಂಬುದನ್ನು ಅಂದಾಜಿನ ಮೇಲೆ ಹೇಳಬೇಡಿ. ನಿವಾಸಿಗಳ ಅಂದಾಜು ಹೆಚ್ಚಾಗಿ ತಪ್ಪುತ್ತದೆ, ಅದರಲ್ಲೂ ತಮ್ಮದೇ ಬಡಾವಣೆಯ ಕಾರುಗಳ ವಿಷಯದಲ್ಲಿ.

ನಂಬರ್ ಪ್ಲೇಟ್ ಎಣಿಕೆ

ಇಡೀ ಕೆಲಸದ ಬುನಾದಿ ಇದು. ನಾಲ್ಕು ಜನ, ನಾಲ್ಕು ಮೊಬೈಲು ಬೇಕು. ಖರ್ಚು ಕಾಫಿಯದ್ದು ಮಾತ್ರ.

ರಸ್ತೆಯ ಎರಡೂ ತುದಿಯಲ್ಲಿ ಇಬ್ಬಿಬ್ಬರು ನಿಲ್ಲಿ. ಒಬ್ಬರು ಒಳಬರುವ ವಾಹನ ನೋಡಿಕೊಳ್ಳಲಿ, ಇನ್ನೊಬ್ಬರು ಹೊರಹೋಗುವುದನ್ನು. ಕಾಗದದಲ್ಲಿ ಬರೆಯಲು ಹೋಗಬೇಡಿ. ನಿಮಿಷಕ್ಕೆ ಹದಿನೈದು ವಾಹನ ಬಂದರೆ ಕೈ ಸೋಲುತ್ತದೆ, ಅರ್ಧಕ್ಕರ್ಧ ತಪ್ಪಿಹೋಗುತ್ತವೆ. ಮೊಬೈಲಿನ ವಾಯ್ಸ್ ರೆಕಾರ್ಡರ್ ಹಾಕಿಕೊಂಡು ವಾಹನದ ಬಗೆ ಮತ್ತು ಕೊನೆಯ ನಾಲ್ಕು ಅಂಕಿ ಹೇಳುತ್ತ ಹೋಗಿ: “ಸ್ಕೂಟರ್ 4172, ಕಾರು 0981, ಆಟೊ ಕಾಣಲಿಲ್ಲ.” ಪ್ರತಿ ನಿಮಿಷ ತಿರುಗಿದಾಗ ಗಂಟೆ-ನಿಮಿಷವನ್ನೂ ಹೇಳಿ. ಓದಲಾಗದ ಪ್ಲೇಟನ್ನು ಬಿಟ್ಟುಬಿಡಬೇಡಿ, “ಕಾಣಲಿಲ್ಲ” ಎಂದೇ ದಾಖಲಿಸಿ. ಒಟ್ಟು ಲೆಕ್ಕಕ್ಕೆ ಅದು ಬೇಕು.

ಮನೆಗೆ ಬಂದು ಇದನ್ನು ಸ್ಪ್ರೆಡ್‌ಶೀಟಿಗೆ ಇಳಿಸಿ. ಒಂದು ತುದಿಯಲ್ಲಿ ಒಳಬಂದ ಸಂಖ್ಯೆ ಇನ್ನೊಂದು ತುದಿಯಲ್ಲಿ ಎಷ್ಟು ನಿಮಿಷದೊಳಗೆ ಹೊರಬಿತ್ತು ಎಂದು ಹೊಂದಿಸಬೇಕು. ಮಿತಿ ಹೀಗೆ ಕಟ್ಟಿ: ರಸ್ತೆಯ ಉದ್ದ 400 ಮೀಟರ್ ಇದ್ದರೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ದಾಟಲು 72 ಸೆಕೆಂಡು ಬೇಕು. ಅದರ ಎರಡರಷ್ಟು, ಅಂದರೆ ಸುಮಾರು ಎರಡೂವರೆ ನಿಮಿಷದೊಳಗೆ ದಾಟಿದ್ದನ್ನು ಹಾಯ್ದುಹೋದದ್ದು ಎನ್ನಿ. ಮಿತಿಯನ್ನು ಐದು ನಿಮಿಷಕ್ಕೆ ಏರಿಸಿದರೆ ಪಾರ್ಸೆಲ್ ಕೊಟ್ಟು ಹೋದವರೂ ಲೆಕ್ಕದಲ್ಲಿ ಸೇರುತ್ತಾರೆ. ಆ ತಪ್ಪನ್ನು ಎದುರು ಪಕ್ಷದವರು ಮೊದಲ ಸಭೆಯಲ್ಲೇ ಹಿಡಿಯುತ್ತಾರೆ.

ಉದಾಹರಣೆಗೆ ಒಂದು ಗಂಟೆಯಲ್ಲಿ 420 ವಾಹನ ಒಳಬಂದು ಅದರಲ್ಲಿ 273 ಮಿತಿಯೊಳಗೆ ಹೊರಬಿದ್ದರೆ ಹಾಯ್ದುಹೋಗುವ ಪಾಲು 65%. ಓದಲಾಗದ ಪ್ಲೇಟುಗಳಿಂದಾಗಿ ನಿಜವಾದ ಪಾಲು ಇದಕ್ಕಿಂತ ಹೆಚ್ಚೇ ಇರುತ್ತದೆ, ಕಡಿಮೆ ಅಲ್ಲ. ವರದಿಯಲ್ಲಿ ಈ ಮಾತನ್ನು ತಪ್ಪದೆ ಬರೆಯಿರಿ. ಪೂರ್ತಿ ನಂಬರ್ ಬರೆದಿಟ್ಟುಕೊಳ್ಳುವ ಅಗತ್ಯವಿಲ್ಲ. ಬಗೆಯ ಜೊತೆ ನಾಲ್ಕು ಅಂಕಿ ಸಾಕು, ಯಾರ ವಾಹನ ಎಂಬ ತಂಟೆಯೂ ಬರುವುದಿಲ್ಲ.

ಮಂಗಳವಾರದಿಂದ ಗುರುವಾರದೊಳಗಿನ ಎರಡು ದಿನ ಆರಿಸಿ. ಬೆಳಿಗ್ಗೆ 8ರಿಂದ 10, ಸಂಜೆ 5ರಿಂದ 8, ಹೋಲಿಕೆಗೆ ಮಧ್ಯಾಹ್ನ 2ರಿಂದ 3. ಲಾರಿ ದೂರಿದ್ದರೆ ರಾತ್ರಿ 11ರ ನಂತರದ ಒಂದು ಗಂಟೆ ಸೇರಿಸಿ. ಮಳೆ ಸುರಿದ ದಿನ, ಶಾಲೆಗೆ ರಜೆಯಿರುವ ವಾರ, ವರಮಹಾಲಕ್ಷ್ಮಿ ಅಥವಾ ಗಣೇಶ ಹಬ್ಬದ ಹಿಂದುಮುಂದಿನ ದಿನಗಳು ಬೇಡ.

ಹೆಚ್ಚಿನವರು ಮರೆಯುವುದು ಇದನ್ನು: ಅಕ್ಕಪಕ್ಕದ ಸಮಾನಾಂತರ ರಸ್ತೆಗಳಲ್ಲೂ ಅದೇ ದಿನ, ಅದೇ ಹೊತ್ತು ಎಣಿಸಬೇಕು. ಅಲ್ಲಿ ಪ್ಲೇಟು ಬೇಡ, ಒಟ್ಟು ಸಂಖ್ಯೆ ಸಾಕು. ಪ್ರಯೋಗ ಶುರುವಾದ ಮೇಲೆ ಐದನೇ ಅಡ್ಡರಸ್ತೆಯವರು “ನಿಮ್ಮ ಕಾಟವನ್ನು ನಮ್ಮ ತಲೆಗೆ ಕಟ್ಟಿದಿರಿ” ಎಂದು ಬಂದಾಗ ಮೊದಲಿನ ಲೆಕ್ಕ ಕೈಯಲ್ಲಿರದಿದ್ದರೆ ಉತ್ತರವೇ ಇರುವುದಿಲ್ಲ. ಜೊತೆಗೆ ನಡೆಯುವವರನ್ನೂ ಎಣಿಸಿ: ಮಕ್ಕಳೆಷ್ಟು, ಹಿರಿಯರೆಷ್ಟು, ಫುಟ್‌ಪಾತ್ ಬಿಟ್ಟು ಡಾಂಬರಿನ ಮೇಲೆ ನಡೆಯುತ್ತಿದ್ದವರೆಷ್ಟು.

ಎಂಜಿನಿಯರುಗಳು ಪಿಸಿಯು ಲೆಕ್ಕ, ಅಂದರೆ ಪ್ರತಿ ಬಗೆಯ ವಾಹನ ಎಷ್ಟು ಕಾರಿಗೆ ಸಮ ಎಂಬ ಲೆಕ್ಕ, ಕೇಳಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 106-1990 ಮಾರ್ಗಸೂಚಿಯ ಪ್ರಕಾರ ಕಾರು 1. ಸ್ಕೂಟರ್-ಬೈಕುಗಳ ಪಾಲು 10%ಕ್ಕಿಂತ ಹೆಚ್ಚಿರುವ ಕಡೆ ಒಂದೊಂದಕ್ಕೆ 0.75. ಬೆಂಗಳೂರಿನ ಯಾವ ಬೀದಿಯಲ್ಲಿ ಆ ಪಾಲು ಹತ್ತಕ್ಕಿಂತ ಕಡಿಮೆ ಇದೆ? ಎರಡೂ ಲೆಕ್ಕ ಕೊಡಿ, ಆದರೆ ಮಾತಾಡುವಾಗ ವಾಹನಗಳ ನೇರ ಸಂಖ್ಯೆಯನ್ನೇ ಹೇಳಿ.

ವೇಗ

ರೇಡಾರ್ ಗನ್ ಬೇಡ. ರಸ್ತೆಯ ಅಂಚಿನಲ್ಲಿ ಟೇಪು ಹಿಡಿದು 50 ಮೀಟರ್ ಅಳೆದು ಎರಡು ಕಡೆ ಸೀಮೆಸುಣ್ಣದ ಗೆರೆ ಎಳೆಯಿರಿ. ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗ ಸ್ಟಾಪ್‌ವಾಚ್ ಒತ್ತಿ, ಎರಡನೆಯದನ್ನು ಮುಟ್ಟಿದಾಗ ನಿಲ್ಲಿಸಿ. 180ನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಕಿಲೋಮೀಟರ್ ಬರುತ್ತದೆ: 6 ಸೆಕೆಂಡು ಎಂದರೆ 30, 4.5 ಸೆಕೆಂಡು ಎಂದರೆ 40. ಒಂದೇ ಕಡೆ ನಿಂತು ಎರಡೂ ಗೆರೆ ನೋಡಿದರೆ ದೂರದ ಗೆರೆ ಓರೆಯಾಗಿ ಕಂಡು ಲೆಕ್ಕ ತಪ್ಪುತ್ತದೆ. ದೂರದ ಗೆರೆಯ ಬಳಿ ಇನ್ನೊಬ್ಬರು ನಿಂತು ಕೈ ಇಳಿಸಿ ಸನ್ನೆ ಮಾಡಲಿ.

ಮುಂದೆ ಅಡೆತಡೆ ಇಲ್ಲದೆ ಓಡುವ 100 ವಾಹನ ಅಳೆದು, ವೇಗದ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನಿಂದ 15ನೆಯದನ್ನು ನೋಡಿ. ನೂರರಲ್ಲಿ ಎಂಬತ್ತೈದು ಜನ ಆ ವೇಗ ಮೀರುವುದಿಲ್ಲ ಎಂದರ್ಥ. ಸಂಚಾರ ಎಂಜಿನಿಯರುಗಳು ಸರಾಸರಿಗಿಂತ ಈ ಅಂಕಿಗೆ ಹೆಚ್ಚು ಬೆಲೆ ಕೊಡುತ್ತಾರೆ.

ಗದ್ದಲದ ಅಳತೆಯನ್ನೂ ಸೇರಿಸಬಹುದು. ವಾಸದ ಪ್ರದೇಶಕ್ಕೆ 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ. ಆದರೆ ಮೊಬೈಲ್ ಆ್ಯಪಿನ ಅಳತೆಯನ್ನು ಇಲಾಖೆ ಪುರಾವೆಯಾಗಿ ಒಪ್ಪುವುದು ಕಷ್ಟ, ಅದನ್ನು ಅನುಬಂಧದಲ್ಲಿಡಿ.

ಒಂದು ಬೀದಿಯಲ್ಲ, ಇಡೀ ಚೌಕ

ನಿಮ್ಮ ಬೀದಿಯೊಂದನ್ನೇ ಮುಚ್ಚಿದರೆ ವಾಹನ ಪಕ್ಕದ ಬೀದಿಗೆ ಹೋಗುತ್ತದೆ. ಇದಕ್ಕೆ ಅಧ್ಯಯನ ಬೇಕಾಗಿಲ್ಲ. ಹಾಗಾಗಿ ನಾಲ್ಕು ಕಡೆ ಮುಖ್ಯರಸ್ತೆ ಇರುವ ಇಡೀ ಚೌಕವನ್ನು ಒಂದು ಘಟಕವಾಗಿ ತೆಗೆದುಕೊಳ್ಳಿ. ಜಯನಗರ, ಮಲ್ಲೇಶ್ವರ, ರಾಜಾಜಿನಗರದಂಥ ಹಳೆಯ ಬಡಾವಣೆಗಳಲ್ಲಿ ಮುಖ್ಯರಸ್ತೆ-ಅಡ್ಡರಸ್ತೆಗಳು ಚೌಕಳಿಯಾಗಿರುವುದರಿಂದ ಗಡಿ ಗುರುತಿಸುವುದು ಸುಲಭ. ನಕ್ಷೆ ಮುದ್ರಿಸಿಕೊಂಡು ಕಾಲ್ನಡಿಗೆಯಲ್ಲಿ ಸುತ್ತಿ ಇವನ್ನು ಗುರುತು ಹಾಕಿ: ಆಸ್ಪತ್ರೆ, ಶಾಲೆ, ಬಿಎಂಟಿಸಿ ಮಾರ್ಗ, ಆಟೊ ನಿಲ್ದಾಣ, ಕಲ್ಯಾಣ ಮಂಟಪ, ಕಸದ ಲಾರಿ ತಿರುಗುವ ಜಾಗ, ಟ್ರಾನ್ಸ್‌ಫಾರ್ಮರ್, ಚರಂಡಿಯ ಬಾಯಿ, ಮ್ಯಾನ್‌ಹೋಲ್. ಕಲ್ಯಾಣ ಮಂಟಪ ಬಿಟ್ಟುಹೋದರೆ ಪ್ರಯೋಗದ ಮೊದಲ ಮುಹೂರ್ತದ ದಿನವೇ ಎಲ್ಲ ಎಡವಟ್ಟಾಗುತ್ತದೆ.

ತಡೆದ ವಾಹನವೆಲ್ಲ ಬೇರೆ ರಸ್ತೆಗೇ ಹೋಗುತ್ತದೆಯೇ? ಇಲ್ಲ. ಸಾಲಿ ಕೇರ್ನ್ಸ್, ಸ್ಟೀಫನ್ ಆಟ್ಕಿನ್ಸ್, ಫಿಲ್ ಗುಡ್ವಿನ್ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಸ್ತೆಯ ಜಾಗ ಕಡಿಮೆ ಮಾಡಿದ 70ಕ್ಕೂ ಹೆಚ್ಚು ಪ್ರಕರಣಗಳನ್ನು ನೋಡಿದಾಗ ಅರ್ಧದಷ್ಟು ಕಡೆ ಸುತ್ತಲಿನ ರಸ್ತೆಗಳನ್ನೂ ಸೇರಿಸಿ ಒಟ್ಟು ಸಂಚಾರ 11%ಕ್ಕಿಂತ ಹೆಚ್ಚು ತಗ್ಗಿತ್ತು. ಜನ ಹೊತ್ತು ಬದಲಿಸುತ್ತಾರೆ, ದಾರಿ ಬದಲಿಸುತ್ತಾರೆ, ಕೆಲವರು ನಡೆದೇ ಹೋಗುತ್ತಾರೆ. ಈ ಅಂಕಿಯನ್ನು ಅಧಿಕಾರಿಗಳಿಗೆ ಹೇಳಿ, ಪಕ್ಕದ ಬೀದಿಯವರಿಗೆ ಬೇಡ. ಅವರಿಗೆ ಬೇಕಾದದ್ದು ತಮ್ಮ ಬೀದಿಯ ಎಣಿಕೆ.

ಜನ

ಕ್ಷೇಮಾಭಿವೃದ್ಧಿ ಸಂಘವಿದ್ದರೆ ಅದರ ಠರಾವು ಪಡೆಯಿರಿ. ಆದರೆ ಸಂಘದ ಪದಾಧಿಕಾರಿಗಳಷ್ಟೇ ಬೀದಿಯಲ್ಲ. ಬಾಡಿಗೆದಾರರು, ಪಿಜಿಯಲ್ಲಿರುವ ಹುಡುಗ-ಹುಡುಗಿಯರು, ಮನೆಗೆಲಸಕ್ಕೆ ನಡೆದು ಬರುವವರು, ತಳ್ಳುಗಾಡಿಯವರು ಬೀದಿಯನ್ನು ಹೆಚ್ಚು ಬಳಸುತ್ತಾರೆ, ಸಭೆಗೆ ಬರುವುದಿಲ್ಲ. ಮನೆಮನೆಗೆ ಹೋಗುವಾಗ ಮೂರೇ ಪ್ರಶ್ನೆ ಇಟ್ಟುಕೊಳ್ಳಿ: ಯಾವ ಹೊತ್ತು ತೊಂದರೆ, ನಿಮ್ಮ ವಾಹನ ಯಾವ ಕಡೆಯಿಂದ ಒಳಬರುತ್ತದೆ, ಒಂದು ತಿಂಗಳು ಇನ್ನೊಂದು ಕಡೆಯಿಂದ ಬರಲು ಅಡ್ಡಿಯಿದೆಯೇ. ಮೂರನೆಯದಕ್ಕೆ ಸಿಗುವ ಉತ್ತರದಿಂದಲೇ ಮುಂದಿನ ಜಗಳ ಎಲ್ಲಿಂದ ಬರುತ್ತದೆ ಎಂದು ಗೊತ್ತಾಗುತ್ತದೆ.

ಅಂಗಡಿಯವರನ್ನು ಕೊನೆಗೆ ಇಟ್ಟುಕೊಳ್ಳುವುದು ದೊಡ್ಡ ತಪ್ಪು. ಗಾಂಧಿ ಬಜಾರಿನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ, ಅಂದರೆ ಡಲ್ಟ್, ನಡಿಗೆಗೆ ಆದ್ಯತೆ ಕೊಡುವ ಯೋಜನೆ ಕೈಗೆತ್ತಿಕೊಂಡಾಗ ಗಟ್ಟಿ ವಿರೋಧ ಬಂದದ್ದು ವ್ಯಾಪಾರಿಗಳಿಂದ. ಅವರ ಭಯ ಎರಡು: ಗಿರಾಕಿ ಬರುವುದಿಲ್ಲ, ಸರಕು ಇಳಿಸಲಾಗುವುದಿಲ್ಲ. ಎರಡನೆಯದಕ್ಕೆ ಮೊದಲೇ ಉತ್ತರ ಸಿದ್ಧ ಮಾಡಿಕೊಳ್ಳಿ: ಸರಕು ಗಾಡಿಗೆ ಬೆಳಿಗ್ಗೆ ಇಂಥ ಗಂಟೆ, ನಿಲ್ಲಿಸಲು ಇಂಥ ಜಾಗ ಎಂದು ನಕ್ಷೆಯಲ್ಲೇ ಬರೆದು ತೋರಿಸಿ. ಮೊದಲನೆಯದಕ್ಕೆ ವಾದ ಬೇಡ. ಒಂದು ದಿನ ಅಂಗಡಿ ಬಾಗಿಲಲ್ಲಿ ನಿಂತು ನಡೆದು ಬಂದವರೆಷ್ಟು, ಗಾಡಿಯಲ್ಲಿ ಬಂದವರೆಷ್ಟು ಎಂದು ಅಂಗಡಿಯವರ ಜೊತೆಯಲ್ಲೇ ಎಣಿಸಿ. ಮೆಡಿಕಲ್ ಶಾಪು, ದಿನಸಿ ಅಂಗಡಿ, ದರ್ಶಿನಿ, ಈ ಮೂರರಲ್ಲಿ ಒಂದಾದರೂ ನಿಮ್ಮ ಪರ ಇದ್ದರೆ ಸಭೆಯ ಧಾಟಿಯೇ ಬೇರೆ.

ಏನು ಕೇಳಬೇಕು

ಹಂಪ್ ಬಗ್ಗೆ ಮೊದಲೇ ಹೇಳಿಬಿಡೋಣ, ಎಲ್ಲರೂ ಅದನ್ನೇ ಕೇಳುತ್ತಾರೆ. ಐಆರ್‌ಸಿ 99ರ ಅಳತೆಯಲ್ಲಿ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತೆ ಲೆಕ್ಕ ಹಾಕಿದ್ದು. ರಾತ್ರೋರಾತ್ರಿ ಹಾಕುವ ಒಂದೂವರೆ ಅಡಿ ಅಗಲದ ಡಾಂಬರು ಗುಡ್ಡೆ ಇದಲ್ಲ. ಅದರ ಮೇಲೆ ಮಳೆಯಲ್ಲಿ ಸ್ಕೂಟರ್ ಜಾರುತ್ತದೆ, ಆಂಬುಲೆನ್ಸಿನೊಳಗಿನ ರೋಗಿ ಎಗರಿಬೀಳುತ್ತಾರೆ, ಬ್ರೇಕಿನ ಸದ್ದು ಪಕ್ಕದ ಮನೆಯವರ ನಿದ್ದೆ ಕೆಡಿಸುತ್ತದೆ. ವೇಗವೊಂದೇ ಸಮಸ್ಯೆಯಾದರೆ ಮಾತ್ರ, ಅಳತೆ ನಮೂದಿಸಿ ಕೇಳಿ.

ಒನ್ ವೇ ಎರಡನೆಯ ಜನಪ್ರಿಯ ಬೇಡಿಕೆ, ಹೆಚ್ಚಾಗಿ ಹಾಳು ಬೇಡಿಕೆ. ಎದುರಿನಿಂದ ವಾಹನ ಬಾರದಿದ್ದರೆ ಚಾಲಕ ಇನ್ನೂ ಜೋರಾಗಿ ಓಡಿಸುತ್ತಾನೆ. ನಾಲ್ಕನೇ ಅಡ್ಡರಸ್ತೆ ಪೂರ್ವಕ್ಕೆ, ಐದನೆಯದು ಪಶ್ಚಿಮಕ್ಕೆ ಎಂದು ಜೋಡಿ ಮಾಡಿದರೆ ಹಾಯ್ದುಹೋಗುವವರಿಗೆ ಸಿಕ್ಕಿದ್ದು ಎರಡು ಸಲೀಸು ದಾರಿ. ಒನ್ ವೇಯಿಂದ ಸಂಖ್ಯೆ ಇಳಿಯಬೇಕಾದರೆ ಒಂದೇ ರಸ್ತೆಯ ಎರಡು ಅರ್ಧಗಳು ನಡುವಿನ ಕೂಡುರಸ್ತೆಯಿಂದ ಹೊರಮುಖವಾಗಿರಬೇಕು; ಆಗ ಎರಡೂ ಮುಖ್ಯರಸ್ತೆಯ ತುದಿಗಳಲ್ಲಿ ನೋ ಎಂಟ್ರಿ ಬೀಳುತ್ತದೆ. ಆದರೂ ಪೊಲೀಸ್ ಪೇದೆ ನಿಂತಿರುವವರೆಗೆ ಮಾತ್ರ ಅದು ಒನ್ ವೇ.

ಚೌಕಳಿ ಬಡಾವಣೆಗೆ ಹೇಳಿಮಾಡಿಸಿದ್ದು ಕರ್ಣ ತಡೆ. ಕೂಡುರಸ್ತೆಯಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಕುಂಡಗಳ ಸಾಲು ಇಟ್ಟರೆ ಎಲ್ಲರೂ ತಿರುಗಬೇಕು, ಯಾರೂ ನೇರ ಹೋಗಲಾಗದು. ಎಲ್ಲ ಮನೆಗೂ ಕಾರು ತಲುಪುತ್ತದೆ. ರಸ್ತೆ ಕುರುಡುತುದಿ ಆಗುವುದಿಲ್ಲ, ಆದ್ದರಿಂದ ಕಸದ ಲಾರಿ ಹಿಮ್ಮುಖ ಬರಬೇಕಿಲ್ಲ. ಚೌಕಕ್ಕೆ ಒಂದೋ ಎರಡೋ ಇಂಥ ತಡೆ ಸರಿಯಾದ ಕೂಡುರಸ್ತೆಯಲ್ಲಿ ಬಿದ್ದರೆ ಶಾರ್ಟ್‌ಕಟ್ ಶಾರ್ಟ್ ಆಗಿ ಉಳಿಯುವುದಿಲ್ಲ. ಆಗ ನಕ್ಷೆಯ ಆ್ಯಪ್ ಕೂಡ ಆ ದಾರಿ ತೋರಿಸುವುದನ್ನು ಬಿಡುತ್ತದೆ.

ಇದರ ಮಿತಿಯನ್ನೂ ಬಚ್ಚಿಡಬೇಡಿ. ಗಾಲಿಕುರ್ಚಿಗೆ ಕನಿಷ್ಠ 90 ಸೆಂ.ಮೀ. ಸಂದು ಬೇಕು. ಸ್ಕೂಟರಿನ ಹ್ಯಾಂಡಲ್ ಸುಮಾರು 70 ಸೆಂ.ಮೀ. ಹಾಗಾಗಿ ಗಾಲಿಕುರ್ಚಿ ಹೋಗುವಲ್ಲಿ ಸ್ಕೂಟರ್ ಹೋಗಿಯೇ ಹೋಗುತ್ತದೆ. ಸ್ಕೂಟರನ್ನು ತಡೆಯಲು ಸಂದು ಕಿರಿದು ಮಾಡಿದರೆ ಗಾಲಿಕುರ್ಚಿಯವರನ್ನೂ ಮಗುವಿನ ತಳ್ಳುಗಾಡಿಯನ್ನೂ ಬೀದಿಯಿಂದ ಹೊರಹಾಕಿದಂತೆ, ಅದು ಒಪ್ಪತಕ್ಕದ್ದಲ್ಲ. ಕಾರು, ಆಟೊ, ಟೆಂಪೊ ಇಳಿಯುತ್ತವೆ, ಬೈಕು ಅಷ್ಟಾಗಿ ಇಳಿಯುವುದಿಲ್ಲ ಎಂದು ಮೊದಲೇ ಹೇಳಿ. ಎಣಿಕೆಯಲ್ಲೂ ಬೇರೆಬೇರೆ ಸಾಲಿನಲ್ಲಿ ತೋರಿಸಿ.

ಯಾರಿಗೆ ಬರೆಯಬೇಕು

ಸಂಚಾರ ನಿರ್ಬಂಧದ ಆದೇಶ ಪೊಲೀಸರದ್ದು, ರಸ್ತೆಯ ಮೇಲಿನ ವಸ್ತು ಪಾಲಿಕೆಯದ್ದು. ಒಬ್ಬರಿಗೆ ಮಾತ್ರ ಬರೆದರೆ ಅವರು ಇನ್ನೊಬ್ಬರ ಕಡೆ ಬೊಟ್ಟು ಮಾಡುತ್ತಾರೆ. ಆದ್ದರಿಂದ ಒಂದೇ ಮನವಿಯನ್ನು ಇಬ್ಬರಿಗೂ ಕೊಡಿ: ಸಂಚಾರ ವಿಭಾಗದ ಡಿಸಿಪಿಗೆ (ಪ್ರತಿ ಸಂಚಾರ ಠಾಣೆಯ ಇನ್ಸ್‌ಪೆಕ್ಟರಿಗೆ), ಮತ್ತು ನಿಮ್ಮ ನಗರ ಪಾಲಿಕೆಯ ಕಾರ್ಯಪಾಲಕ ಎಂಜಿನಿಯರಿಗೆ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿನಲ್ಲಿ ಬಿಬಿಎಂಪಿಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ನಿಮ್ಮ ಬೀದಿ ಯಾವುದರಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಗಡಿ ಮುಖ್ಯರಸ್ತೆಯೇ ಆಗಿದ್ದರೆ ಎದುರು ಬದಿ ಬೇರೆ ಪಾಲಿಕೆಯದ್ದಿರಬಹುದು. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಲ್ಲಿ ಪೊಲೀಸ್ ಆಯುಕ್ತರಿಗೆ. ಆಯುಕ್ತಾಲಯ ಇಲ್ಲದ ಊರಿನಲ್ಲಿ ಜಿಲ್ಲಾಧಿಕಾರಿಗೆ ಬರೆಯಬೇಕು. ಡಲ್ಟ್‌ಗೆ ಒಂದು ಪ್ರತಿ ಕಳಿಸಿ. ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ, ಆದರೆ ಅವರ ತಾಂತ್ರಿಕ ಅಭಿಪ್ರಾಯ ಕಡತದಲ್ಲಿ ಸೇರಿದರೆ ತೂಕ ಬರುತ್ತದೆ.

ಕಾನೂನಿನ ಆಸರೆ ಮೋಟಾರು ವಾಹನ ಕಾಯ್ದೆ 1988ರ ಕಲಂ 115. ರಾಜ್ಯದಲ್ಲಿ ಸಂಚಾರ ನಿರ್ಬಂಧದ ಆದೇಶಗಳು ಇದರ ಜೊತೆ ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221ಎಯನ್ನೂ ಉಲ್ಲೇಖಿಸುತ್ತವೆ. ಕಲಂ 115ರಲ್ಲಿ ಎರಡು ಸಂಗತಿ ನಿಮಗೆ ಮುಖ್ಯ. ಒಂದು, ನಿರ್ಬಂಧಕ್ಕೆ ಒಪ್ಪುವ ಕಾರಣಗಳು: ಸಾರ್ವಜನಿಕ ಸುರಕ್ಷತೆ, ಅನುಕೂಲ, ರಸ್ತೆಯ ಸ್ವರೂಪ. “ನಮಗೆ ಕಿರಿಕಿರಿ” ಎಂಬುದು ಆ ಪಟ್ಟಿಯಲ್ಲಿಲ್ಲ. ಎರಡು, ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜಪತ್ರದಲ್ಲಿ ಅಧಿಸೂಚನೆ ಬೇಕಿಲ್ಲ, ಸ್ಥಳೀಯ ಪ್ರಚಾರ ಸಾಕು. ಒಂದು ತಿಂಗಳ ಪ್ರಯೋಗ ಕೇಳಿ ಎಂದು ಮೇಲೆ ಹೇಳಿದ್ದು ಇದೇ ಕಾರಣಕ್ಕೆ.

ಮನವಿಯ ತಿರುಳು ಹೀಗಿರಲಿ:

“ವಿಷಯ: 4ನೇ ಅಡ್ಡರಸ್ತೆ ಮತ್ತು 2ನೇ ಮುಖ್ಯರಸ್ತೆ ಕೂಡುವಲ್ಲಿ ನೇರ ವಾಹನ ಸಂಚಾರವನ್ನು 30 ದಿನಗಳ ಕಾಲ ಪ್ರಾಯೋಗಿಕವಾಗಿ ನಿರ್ಬಂಧಿಸುವ ಬಗ್ಗೆ.

ಮೇಲ್ಕಂಡ ರಸ್ತೆಯ ಡಾಂಬರು ಅಗಲ 7 ಮೀಟರ್ ಇದ್ದು, ಲಗತ್ತಿಸಿರುವ ಎಣಿಕೆಯಂತೆ ಬೆಳಿಗ್ಗೆ 8ರಿಂದ 9ರವರೆಗೆ ಒಳಬರುವ ವಾಹನಗಳಲ್ಲಿ ಶೇ. ... ಎಲ್ಲಿಯೂ ನಿಲ್ಲದೆ ಹಾದುಹೋಗುತ್ತಿವೆ. ಅದೇ ಅವಧಿಯಲ್ಲಿ ... ಶಾಲಾ ಮಕ್ಕಳು ಈ ರಸ್ತೆಯಲ್ಲಿ ನಡೆಯುತ್ತಾರೆ. ಸಾರ್ವಜನಿಕ ಸುರಕ್ಷತೆ ಹಾಗೂ ರಸ್ತೆಯ ಸ್ವರೂಪವನ್ನು ಪರಿಗಣಿಸಿ, ಮೋಟಾರು ವಾಹನ ಕಾಯ್ದೆ 1988ರ ಕಲಂ 115ರಡಿ, ಲಗತ್ತಿಸಿರುವ ನಕ್ಷೆಯಂತೆ ದಿನಾಂಕ ... ರಿಂದ 30 ದಿನ ಪ್ರಾಯೋಗಿಕ ಆದೇಶ ಹೊರಡಿಸಲು ಕೋರುತ್ತೇವೆ. ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಗಳಿಗೆ ತೆರೆಯಬಹುದಾದ ವ್ಯವಸ್ಥೆ ಇರುತ್ತದೆ. ಸ್ಥಳ ಪರಿಶೀಲನೆಗೆ ದಿನ ನಿಗದಿಪಡಿಸಬೇಕಾಗಿ ವಿನಂತಿ.”

ಎರಡು ಪುಟ ಮೀರಬೇಡಿ. ಲಗತ್ತು ನಾಲ್ಕು: ನಕ್ಷೆ, ಎಣಿಕೆಯ ಕೋಷ್ಟಕ, ಫೋಟೋ, ಸಹಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಸಾಹೇಬರಿಗೆ ಕಳಿಸಿದ್ದು ಕಡತವಾಗುವುದಿಲ್ಲ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. “ಏಕೆ ಕ್ರಮ ಕೈಗೊಂಡಿಲ್ಲ” ಎಂದು ಕೇಳಬೇಡಿ. ಅದು ಪ್ರಶ್ನೆ, ದಾಖಲೆಯಲ್ಲ ಎಂದು ತಿರಸ್ಕರಿಸುತ್ತಾರೆ. “ಇಂಥ ಸ್ವೀಕೃತಿ ಸಂಖ್ಯೆಯ ಮನವಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ” ಎನ್ನಿ. 30 ದಿನದಲ್ಲಿ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿ ತಲುಪಿದ ಮೇಲೆ ಸ್ಥಳ ಪರಿಶೀಲನೆಗೆ ದಿನ ಸಿಗುವುದು ಅಪರೂಪವೇನಲ್ಲ.

ಬೀದಿಯಲ್ಲಿ ಧರಣಿ ಕೂರುವ ಯೋಚನೆ ಬೇಡ. 2021ರ ಆದೇಶದಂತೆ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ. ಭಾನುವಾರ ಅನುಮತಿ ಪಡೆದು ಅರ್ಧ ದಿನದ ಬೀದಿ ಹಬ್ಬ ಮಾಡಿ. ವಾಹನವಿಲ್ಲದ ರಸ್ತೆ ಹೇಗಿರುತ್ತದೆ ಎಂದು ವಿರೋಧಿಸುವವರ ಮಕ್ಕಳೇ ಮನೆಗೆ ಹೋಗಿ ಹೇಳುತ್ತಾರೆ.

ಪ್ರಯೋಗದ ತಿಂಗಳು

ಪ್ಲಾಸ್ಟಿಕ್ ಕಂಬ ಬೇಡ. ಎರಡು ವಾರದಲ್ಲಿ ಮುರಿದು ಬಿದ್ದಿರುತ್ತದೆ. ಹೂಕುಂಡ ಇಟ್ಟರೆ ಯಾರಾದರೂ ಪಕ್ಕಕ್ಕೆ ಸರಿಸುತ್ತಾರೆ. ಅಗ್ಗಕ್ಕೆ ಸಿಗುವ ಗಟ್ಟಿ ವಸ್ತು ಬಾವಿಗೆ, ಇಂಗುಗುಂಡಿಗೆ ಬಳಸುವ ಸಿಮೆಂಟ್ ರಿಂಗ್. 3 ಅಡಿ ವ್ಯಾಸದ, 1 ಅಡಿ ಎತ್ತರದ ಎರಡು ರಿಂಗ್ ಒಂದರ ಮೇಲೊಂದಿಟ್ಟು ಮಣ್ಣು ತುಂಬಿದರೆ ಸುಮಾರು 14 ಘನ ಅಡಿ ಮಣ್ಣು ಹಿಡಿಯುತ್ತದೆ, ಮಣ್ಣಿನ ತೂಕವೇ 600 ಕಿಲೋ ಆಸುಪಾಸು. ಯಾರೂ ಕೈಯಲ್ಲಿ ಸರಿಸಲಾರರು. ಪ್ರಯೋಗ ಮುಗಿದ ಮೇಲೆ ಮಣ್ಣು ತೋಡಿ ತೆಗೆಯಬಹುದು. ತಳದಲ್ಲಿ ಒಂದು ಹಾಳೆ ಪ್ಲಾಸ್ಟಿಕ್ ಹಾಕಿ ಅಲ್ಲಲ್ಲಿ ತೂತು ಮಾಡಿ, ಇಲ್ಲದಿದ್ದರೆ ಮಳೆಗೆ ಕೆಸರು ರಸ್ತೆಗಿಳಿಯುತ್ತದೆ.

7 ಮೀಟರ್ ಡಾಂಬರಿನ ಎರಡು ರಸ್ತೆ ಕೂಡುವಲ್ಲಿ ಕರ್ಣ ಸುಮಾರು 10 ಮೀಟರ್. 90 ಸೆಂ.ಮೀ. ವ್ಯಾಸದ 5 ಕುಂಡ, ನಡುವೆಯೂ ತುದಿಗಳಲ್ಲೂ ಸೇರಿ 6 ಸಂದು, ಒಂದೊಂದು 90 ಸೆಂ.ಮೀ. ಮೂಲೆಗಳು ದುಂಡಗಿದ್ದರೆ ಸಂದು ಹಿಗ್ಗುತ್ತದೆ, 1.2 ಮೀಟರ್ ದಾಟಲು ಬಿಡಬೇಡಿ, ದಾಟಿದರೆ ಆಟೊ ತೂರುತ್ತದೆ. ಐದರಲ್ಲಿ ನಡುವಿನದನ್ನೂ ಅದರ ಪಕ್ಕದ್ದನ್ನೂ ಕುಂಡದ ಬದಲು ಅಷ್ಟೇ ಅಗಲದ, ಬೀಗ ತೆಗೆದು ಮಡಚುವ ಕಬ್ಬಿಣದ ಕಂಬದ ಚೌಕಟ್ಟು ಮಾಡಿ. ಎರಡೂ ಮಲಗಿದರೆ 4.5 ಮೀಟರ್ ದಾರಿ ಸಿಗುತ್ತದೆ, ಅಗ್ನಿಶಾಮಕ ವಾಹನಕ್ಕೆ ಅಷ್ಟು ಬೇಕು. ಒಂದೇ ಕಂಬ ಮಡಚಿದರೆ ಸಿಗುವುದು 2.7 ಮೀಟರ್, ಕನ್ನಡಿ ತಗಲುತ್ತದೆ. ಕುಂಡ ಇಳಿಸುವ ಮೊದಲು ಸೀಮೆಸುಣ್ಣದ ಗೆರೆ ಎಳೆದು ಕಸದ ಲಾರಿಯನ್ನು ಒಮ್ಮೆ ತಿರುಗಿಸಿ ನೋಡಿ. ಹತ್ತಿರದ ಅಗ್ನಿಶಾಮಕ ಠಾಣೆಯ ಚಾಲಕರನ್ನು ಕರೆದು ತೋರಿಸಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. “ಆಂಬುಲೆನ್ಸ್ ಬಂದರೆ?” ಎಂಬ ಪ್ರಶ್ನೆಗೆ ಆ ಕಾಗದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಕುಂಡದ ಎತ್ತರ 60 ಸೆಂ.ಮೀ. ಇರುವುದರಿಂದ ಗಿಡ 30 ಸೆಂ.ಮೀ. ದಾಟಬಾರದು, ಮೀರಿದರೆ ಹಿಂದೆ ನಿಂತ ಮಗು ಚಾಲಕನಿಗೆ ಕಾಣುವುದಿಲ್ಲ. ಬಿಡಾಡಿ ದನ ಮೂಸಿಯೂ ನೋಡದ ನಿತ್ಯಪುಷ್ಪ ಒಳ್ಳೆಯದು, ಆಗಾಗ ಕತ್ತರಿಸುತ್ತಿರಿ. ತುಳಸಿ ನೆಡಬೇಡಿ. ಮೂರನೇ ದಿನ ಅರಿಶಿನ-ಕುಂಕುಮ ಬೀಳುತ್ತದೆ, ಮೂವತ್ತನೇ ದಿನ ಕುಂಡ ಎತ್ತಲು ಯಾರೂ ಬಿಡುವುದಿಲ್ಲ, ಆಮೇಲೆ ನಿಮ್ಮ ಪ್ರಯೋಗ ಬೇರೆಯೇ ವಿವಾದವಾಗುತ್ತದೆ. ಪ್ರತಿ ಕುಂಡಕ್ಕೂ ಕೆಂಪು-ಬಿಳಿ ಪ್ರತಿಫಲಕ ಟೇಪು ಎರಡು ಸುತ್ತು. ಬೀದಿದೀಪ ಉರಿಯುತ್ತಿದೆಯೇ ನೋಡಿ. ಕತ್ತಲಲ್ಲಿ ಒಬ್ಬ ಬೈಕ್ ಸವಾರ ಗುದ್ದಿದರೆ ಮಾರನೆಯ ದಿನವೇ ಎಲ್ಲ ತೆಗೆಸುತ್ತಾರೆ, ಅದು ಸರಿಯೇ. ಚರಂಡಿಯ ಬಾಯಿಯ ಮುಂದೆ ಕುಂಡ ಬೇಡ. ಫಲಕ ಕೂಡುರಸ್ತೆಯಲ್ಲಲ್ಲ, ಮುಖ್ಯರಸ್ತೆಯಿಂದ ತಿರುಗುವ ಮೊದಲೇ ಇರಬೇಕು: “ಮುಂದೆ ನೇರ ದಾರಿ ಇಲ್ಲ.”

ಮೊದಲ ವಾರ ರಂಪವಾಗುತ್ತದೆ. ತಿರುಗಿ ಹೋಗುವ ಕಾರು, ಹಾರ್ನು, ಕುಂಡದ ಬಳಿ ವಾಗ್ವಾದ. ಮೊದಲ ಐದು ದಿನ ಬೆಳಿಗ್ಗೆ-ಸಂಜೆ ಸಂಚಾರ ಪೇದೆಯೊಬ್ಬರು ಇರುವಂತೆ ಆದೇಶದಲ್ಲೇ ಕೇಳಿಕೊಳ್ಳಿ. ಸ್ವಯಂಸೇವಕರು ದಾರಿ ತೋರಿಸಬಹುದು, ವಾಹನ ತಡೆಯುವ ಅಧಿಕಾರ ಅವರಿಗಿಲ್ಲ. ಈ ವಾರದ ಎಣಿಕೆಗೆ ಬೆಲೆಯಿಲ್ಲ. ಮೂರನೇ ವಾರ, ಮೊದಲು ಎಣಿಸಿದ ವಾರದ ಅದೇ ದಿನಗಳಂದು, ಅದೇ ಹೊತ್ತು, ಅದೇ ಎಲ್ಲ ರಸ್ತೆಗಳಲ್ಲಿ ಎಣಿಸಿ.

ಆದೇಶ ಜಾರಿಗೆ ಬಂದ ದಿನವೇ ಗೂಗಲ್ ಮ್ಯಾಪ್ಸ್‌ನಲ್ಲಿ ರಸ್ತೆ ತಿದ್ದುವ ಆಯ್ಕೆಯಿಂದ ನೇರ ದಾರಿ ಇಲ್ಲವೆಂದು ಫಲಕದ ಫೋಟೋ ಸಮೇತ ತಿಳಿಸಿ; ನಾಲ್ಕೈದು ಜನ ಬೇರೆಬೇರೆ ಖಾತೆಯಿಂದ ಕಳಿಸಿದರೆ ಬೇಗ ಕಣ್ಣಿಗೆ ಬೀಳುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನು ನೀವೇ ತಿದ್ದಬಹುದು. ಆದೇಶಕ್ಕೆ ಮೊದಲೇ “ರಸ್ತೆ ಮುಚ್ಚಿದೆ” ಎಂದು ಸುಳ್ಳು ಹಾಕುವ ಜಾಣತನ ಬೇಡ. ಸಂಚಾರ ಪೊಲೀಸರಿಗೆ ಗೊತ್ತಾದರೆ ನಿಮ್ಮ ಎಣಿಕೆಯನ್ನೂ ಯಾರೂ ನಂಬುವುದಿಲ್ಲ.

ಮೂವತ್ತನೇ ದಿನದ ಮೊದಲು

ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ 2021ರ ಫೆಬ್ರುವರಿಯವರೆಗೆ ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿ ನಡೆಯುವವರಿಗೆ ಬಿಟ್ಟುಕೊಟ್ಟಿದ್ದರು. ಜನ ಮೆಚ್ಚಿದರು, ಅವಧಿ ಮುಗಿಯಿತು, ವಾಹನ ಮರಳಿದವು. ಪ್ರಯೋಗ ಚೆನ್ನಾಗಿ ನಡೆಯಿತು ಎಂಬ ಕಾರಣಕ್ಕೆ ಅದು ತಾನಾಗಿ ಮುಂದುವರಿಯುವುದಿಲ್ಲ. ಆದ್ದರಿಂದ ಕಾಯಂ ಅಧಿಸೂಚನೆಯ ಮನವಿಯನ್ನು ಇಪ್ಪತ್ತನೇ ದಿನದ ಹೊತ್ತಿಗೇ ಕೊಟ್ಟಿರಬೇಕು: ಹಿಂದಿನ ಮತ್ತು ಈಗಿನ ಎಣಿಕೆ ಅಕ್ಕಪಕ್ಕದ ಎರಡು ಸಾಲಿನಲ್ಲಿ, ಪಕ್ಕದ ರಸ್ತೆಗಳ ಲೆಕ್ಕ, ಬಂದ ದೂರುಗಳ ಪಟ್ಟಿ, ಪ್ರತಿ ದೂರಿಗೂ ಏನು ಮಾಡಿದಿರಿ ಎಂಬ ಒಂದು ಸಾಲು. ಪಕ್ಕದ ರಸ್ತೆಯಲ್ಲಿ ಹೆಚ್ಚಾಗಿದ್ದರೆ ಮುಚ್ಚಿಡಬೇಡಿ. ಅಲ್ಲಿಗೆ ಎರಡನೇ ಕರ್ಣ ತಡೆ ಬೇಕು ಎಂದು ಅದೇ ಮನವಿಯಲ್ಲಿ ಸೇರಿಸಿ, ಆ ಬೀದಿಯವರ ಸಹಿಯನ್ನೂ ಪಡೆಯಿರಿ. ಸಹಿ ಹಾಕಲು ಅವರು ಒಪ್ಪದಿದ್ದರೆ ನಿಮ್ಮ ತಡೆ ತಪ್ಪು ಕೂಡುರಸ್ತೆಯಲ್ಲಿದೆ. ನಕ್ಷೆಗೆ ಮರಳಿ.

ಅಧಿಸೂಚನೆ ಬಂದ ಮೇಲೆ ರಿಂಗ್ ತೆಗೆದು ಕಾಯಂ ಕಂಬ ನೆಡುವುದು ಪಾಲಿಕೆಯ ಕೆಲಸ. ಅಗೆಯುವ ಮುನ್ನ ಜಲಮಂಡಳಿ ಮತ್ತು ಬೆಸ್ಕಾಂನವರಿಂದ ಪೈಪು-ಕೇಬಲ್ ಎಲ್ಲಿ ಹಾದಿದೆ ಎಂದು ಗುರುತು ಹಾಕಿಸಿ. ಅಧಿಸೂಚನೆಯ ಪ್ರತಿ, ಅಗ್ನಿಶಾಮಕದ ಒಪ್ಪಿಗೆ, ಎರಡೂ ಎಣಿಕೆ, ಇವಿಷ್ಟನ್ನು ಸಂಘದ ಕಪಾಟಿನಲ್ಲಿ ಒಂದು ಕಡತ ಮಾಡಿಡಿ. ಇನ್ಸ್‌ಪೆಕ್ಟರೂ ಎಂಜಿನಿಯರೂ ವರ್ಗವಾಗುತ್ತಿರುತ್ತಾರೆ. ಹೊಸಬರು ಬಂದ ವಾರವೇ ಈ ಕಡತದ ನೆರಳಚ್ಚು ತಲುಪಬೇಕು. ಮಡಚುವ ಕಂಬದ ಕೀಲಿ ಅಗ್ನಿಶಾಮಕ ಠಾಣೆಯಲ್ಲಿ ಒಂದು, ಸಂಚಾರ ಠಾಣೆಯಲ್ಲಿ ಒಂದು, ಕೂಡುರಸ್ತೆಗೆ ಹತ್ತಿರವಿರುವ, ರಾತ್ರಿಯೂ ಬಾಗಿಲು ತೆಗೆಯುವ ಎರಡು ಮನೆಗಳಲ್ಲಿ ಒಂದೊಂದು. ಬೀಗಕ್ಕೆ ತಿಂಗಳಿಗೊಮ್ಮೆ ಎಣ್ಣೆ ಬಿಡಿ.